ಒರತೆ ನೋಡಿ ಏತ ಕಟ್ಟಬೇಕು
ಗ್ರಾಫಿಕ್ಸ್ ಕಾರ್ಡು ಕೊಳ್ಳುವವರಿಗೆ ನಾಲ್ಕು ಹಿತದ ಮಾತು

ಬಾವಿಯ ಒರತೆ ಎಷ್ಟೆಂದು ನೋಡದೆ ಐದು ಕುದುರೆ ಬಲದ ಪಂಪನ್ನು ತಂದಿಳಿಸಿದ ರೈತನನ್ನು ಊರವರು ಜಾಣನೆನ್ನುವುದಿಲ್ಲ. ಪಂಪು ಒಳ್ಳೆಯದೇ ಇರಬಹುದು. ಹೆಸರುವಾಸಿಯಾದ ಕಂಪೆನಿಯದೇ ಇರಬಹುದು. ಆದರೆ ನೀರು ಕಡಮೆಯಾದ ಬಾವಿಯಲ್ಲಿ ಅದು ಅರ್ಧ ಗಳಿಗೆ ಕೆಸರು ಕಾರಿ ನಿಂತುಬಿಡುತ್ತದೆ. ನಮ್ಮ ಹಳ್ಳಿಗಳಲ್ಲಿ ಈ ವಿವೇಕ ಬಹಳ ಹಳೆಯದು. ಗಣಕಯಂತ್ರದ ಅಂಗಡಿಯ ಮುಂದೆ ನಿಂತಾಗ ಮಾತ್ರ ನಮಗೆ ಅದು ಮರೆತುಹೋಗುತ್ತದೆ.

ಮನೆಯ ಹುಡುಗನೋ ಹುಡುಗಿಯೋ ವಾಸ್ತುಶಿಲ್ಪವನ್ನೋ ಅನಿಮೇಷನ್ನನ್ನೋ ಕಲಿಯಲು ಕಾಲೇಜು ಸೇರುತ್ತಾರೆ. ಕೆಲವೇ ವಾರಗಳಲ್ಲಿ, "ಅಪ್ಪಾ, ನಮ್ಮ ಕಂಪ್ಯೂಟರಿಗೊಂದು ಗ್ರಾಫಿಕ್ಸ್ ಕಾರ್ಡು ಬೇಕು" ಎಂಬ ಬೇಡಿಕೆ ಬರುತ್ತದೆ. ಹತ್ತಾರು ಸಾವಿರ ರೂಪಾಯಿಗಳ ಮಾತು. ತಂದೆ ಬೆಲೆ ಕೇಳುತ್ತಾನೆ. ಮಗ ಕಾರ್ಡಿನ ಹೆಸರನ್ನೂ ಅದರ ಸ್ಮೃತಿಯ ಪ್ರಮಾಣವನ್ನೂ ವಿಚಾರಿಸುತ್ತಾನೆ. ಅಂಗಡಿಯಾತ ಎರಡಕ್ಕೂ ನಗುನಗುತ್ತ ಉತ್ತರ ಕೊಡುತ್ತಾನೆ. ಮನೆಗೆ ಬರುತ್ತಿರುವ ಈ ಹೊಸ ಅತಿಥಿಗೆ ಅನ್ನ ಹಾಕುವವರು ಯಾರು ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಎತ್ತುವುದಿಲ್ಲ. ಅದರ ಫಲ ಕೆಲವು ದಿನಗಳಲ್ಲಿ ಕಾಣುತ್ತದೆ. ನಾಳೆ ಬೆಳಗ್ಗೆ ಒಪ್ಪಿಸಬೇಕಾದ ಚಿತ್ರವನ್ನು ಯಂತ್ರ ಸಿದ್ಧಪಡಿಸುತ್ತಿರುವಾಗ, ನಡುರಾತ್ರಿಯಲ್ಲಿ, ಪರದೆ ಒಮ್ಮೆಲೇ ಕಪ್ಪಾಗುತ್ತದೆ. ಪುನಃ ಹಚ್ಚಿದರೆ ಪುನಃ ಅದೇ ಕಥೆ. ಹುಡುಗ ಕಾರ್ಡನ್ನು ಬಯ್ಯುತ್ತಾನೆ, ತಂದೆ ಅಂಗಡಿಯಾತನನ್ನು ಬಯ್ಯುತ್ತಾನೆ. ತಪ್ಪು ಬಹಳ ಸಲ ಇಬ್ಬರದೂ ಅಲ್ಲ.

ಅನ್ನದಾತನ ಪರಿಚಯ

ಗಣಕಯಂತ್ರದ ಪೆಟ್ಟಿಗೆಯೊಳಗೆ, ಗೋಡೆಯ ವಿದ್ಯುತ್ತಿನ ತಂತಿ ಬಂದು ಸೇರುವ ಮೂಲೆಯಲ್ಲಿ, ಒಂದು ಫ್ಯಾನನ್ನು ಒಡಲಲ್ಲಿಟ್ಟುಕೊಂಡು ಕುಳಿತಿರುವ ತಗಡಿನ ಡಬ್ಬಿಯೊಂದುಂಟು. ಅಂಗಡಿಗಳಲ್ಲಿ ಇದಕ್ಕೆ ಎಸ್.ಎಂ.ಪಿ.ಎಸ್. ಎಂದು ಹೆಸರು. ಗೋಡೆಯಿಂದ ಬರುವ 230 ವೋಲ್ಟಿನ ಪರ್ಯಾಯ ವಿದ್ಯುತ್ತನ್ನು ಇದು ಮೊದಲು ಸುಮಾರು 325 ವೋಲ್ಟಿನ ನೇರ ವಿದ್ಯುತ್ತಾಗಿ ಮಾರ್ಪಡಿಸುತ್ತದೆ. ಆಮೇಲೆ ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ, ಸಣ್ಣದೊಂದು ಟ್ರಾನ್ಸ್‌ಫಾರ್ಮರಿನ ಮೂಲಕ ಹಾಯಿಸಿ, ಯಂತ್ರದ ಅಂಗಾಂಗಗಳಿಗೆ ಪಥ್ಯವಾಗುವಂತೆ 12, 5 ಮತ್ತು 3.3 ವೋಲ್ಟುಗಳಾಗಿ ಬಡಿಸುತ್ತದೆ. ಇವುಗಳಲ್ಲಿ ಗ್ರಾಫಿಕ್ಸ್ ಕಾರ್ಡಿಗೂ ಪ್ರೊಸೆಸರಿಗೂ ಮುಖ್ಯವಾದ ಆಹಾರ 12 ವೋಲ್ಟಿನದು. ಈ ಒಂದು ಮಾತನ್ನು ವಾಚಕರು ನೆನಪಿನಲ್ಲಿಟ್ಟರೆ ಮುಂದಿನದೆಲ್ಲ ಸುಲಭ.

1981ರಲ್ಲಿ ಐ.ಬಿ.ಎಂ. ಕಂಪೆನಿ ತನ್ನ ಮೊದಲ ಪರ್ಸನಲ್ ಕಂಪ್ಯೂಟರನ್ನು ಹೊರತಂದಾಗ ಅದರೊಳಗಿನ ಈ ಡಬ್ಬಿಯ ಶಕ್ತಿ ಕೇವಲ 63.5 ವ್ಯಾಟ್. ಹಳೆಯ ಕಾಲದ ಒಂದು ವಿದ್ಯುದ್ದೀಪದಷ್ಟು! ಇಡೀ ಯಂತ್ರ ಅಷ್ಟರಲ್ಲಿ ಸಂಸಾರ ನಡೆಸುತ್ತಿದ್ದಿತು. ಇಂದು ಅಷ್ಟು ಶಕ್ತಿ ಅತಿ ಸಣ್ಣ ಗ್ರಾಫಿಕ್ಸ್ ಕಾರ್ಡೊಂದರ ಉಪಾಹಾರಕ್ಕೆ ಸರಿಹೋಗುತ್ತದೆ.

ಹಸಿವು ಬೆಳೆದ ಬಗೆ

ಕಾರ್ಡು ಕುಳಿತುಕೊಳ್ಳುವ ಸ್ಲಾಟಿನಿಂದಲೇ ಅದಕ್ಕೆ ಬೇಕಾದ ವಿದ್ಯುತ್ತು ದೊರೆಯುತ್ತಿದ್ದ ಕಾಲವೊಂದಿದ್ದಿತು. 2000ದಲ್ಲಿ ಬಂದ ವೂಡೂ 5 5500 ಮತ್ತು 2002ರಲ್ಲಿ ಬಂದ ರೇಡಿಯಾನ್ 9700 ಪ್ರೊ ಕಾರ್ಡುಗಳು ಅಷ್ಟರಿಂದ ತೃಪ್ತರಾಗದೆ ಎಸ್.ಎಂ.ಪಿ.ಎಸ್.ನಿಂದಲೇ ಬೇರೊಂದು ತಂತಿಯನ್ನು ಕೇಳಿದವು. ಮುಂದೆ ಇದಕ್ಕೊಂದು ನಿಯಮವೇ ಏರ್ಪಟ್ಟಿತು. ಇಂದಿನ ಪಿ.ಸಿ.ಐ. ಎಕ್ಸ್‌ಪ್ರೆಸ್ ಸ್ಲಾಟು ಹೆಚ್ಚೆಂದರೆ 75 ವ್ಯಾಟ್ ಕೊಡಬಹುದು. ಆರು ಪಿನ್ನಿನ ತಂತಿ ಇನ್ನೊಂದು 75 ವ್ಯಾಟನ್ನೂ, ಎಂಟು ಪಿನ್ನಿನದು 150 ವ್ಯಾಟನ್ನೂ ತರಬಹುದು. ಹದಿನಾರು ಪಿನ್ನಿನ ಹೊಸ ಕನೆಕ್ಟರು 600 ವ್ಯಾಟಿನವರೆಗೆ ಹೊರಬಲ್ಲುದು.

ಆದುದರಿಂದ ಕಾರ್ಡಿನ ಅಂಚಿನಲ್ಲಿರುವ ತಂತಿಯ ಬಾಯಿಗಳನ್ನು ನೋಡಿದೊಡನೆಯೇ ಅದರ ಹೊಟ್ಟೆಯ ಅಂದಾಜು ಸಿಕ್ಕುತ್ತದೆ. 2022ರ ಆರ್.ಎಕ್ಸ್. 6400 ಕಾರ್ಡು 53 ವ್ಯಾಟಿಗೆ ತೃಪ್ತ, 2024ರ ಆರ್.ಟಿ.ಎಕ್ಸ್. 3050ರ 6 ಜಿ.ಬಿ. ಆವೃತ್ತಿಗೆ 70 ವ್ಯಾಟ್ ಸಾಕು. 2023ರ ಆರ್.ಟಿ.ಎಕ್ಸ್. 4060 ಕೇಳುವುದು 115, 2021ರ ಆರ್.ಎಕ್ಸ್. 6600 ಕೇಳುವುದು 132, ಅದೇ ವರ್ಷದ ಆರ್.ಟಿ.ಎಕ್ಸ್. 3060 ಕೇಳುವುದು 170. ಇನ್ನು 2022ರ 4090ಕ್ಕೆ 450 ವ್ಯಾಟ್, 2025ರ 5090ಕ್ಕೆ 575 ವ್ಯಾಟ್! ಹೊಸದೆಲ್ಲ ಹೆಚ್ಚು ತಿನ್ನುತ್ತದೆಂದೂ ಹಳೆಯದೆಲ್ಲ ಮಿತಾಹಾರಿಯೆಂದೂ ಭಾವಿಸಲಾಗದೆಂಬುದನ್ನು ಈ ಅಂಕಿಗಳೇ ಹೇಳುತ್ತವೆ. 4060 ಹೊಸದು, ಆದರೂ ಅದರ ಊಟ 3060ಕ್ಕಿಂತ ಕಡಮೆ.

ಚೀಟಿ ಓದುವ ವಿದ್ಯೆ

ಎಸ್.ಎಂ.ಪಿ.ಎಸ್.ನ ಮೈಮೇಲೆ ಒಂದು ಚೀಟಿ ಅಂಟಿಸಿರುತ್ತದೆ. ಅದರಲ್ಲಿ ದಪ್ಪ ಅಕ್ಷರದಲ್ಲಿ 450 ಎಂದೋ 500 ಎಂದೋ ಬರೆದಿರುತ್ತದೆ. ಕೊಳ್ಳುವವರ ಕಣ್ಣು ಅಲ್ಲಿಯೇ ನಿಂತುಬಿಡುತ್ತದೆ. ಜಾಣನಾದವನು ಆ ದೊಡ್ಡ ಅಂಕಿಯನ್ನು ಬಿಟ್ಟು ಕೆಳಗಿನ ಸಣ್ಣ ಕೋಷ್ಟಕವನ್ನು ಓದಬೇಕು. ಅಲ್ಲಿ 12 ವೋಲ್ಟಿನ ಕೆಳಗೆ ಇಷ್ಟು ಆಂಪಿಯರ್ ಎಂದು ಬರೆದಿರುತ್ತದೆ. ಆ ಎರಡನ್ನೂ ಗುಣಿಸಿದರೆ ಬರುವುದೇ ನಿಮ್ಮ ಬಾವಿಯ ನಿಜವಾದ ಒರತೆ.

ಎರಡು ಡಬ್ಬಿಗಳನ್ನು ಊಹಿಸಿಕೊಳ್ಳಿ. ಎರಡರ ಮೇಲೂ 450 ಎಂದಿದೆ. ಒಂದರ ಚೀಟಿಯಲ್ಲಿ 12 ವೋಲ್ಟಿಗೆ 36 ಆಂಪಿಯರ್ ಎಂದಿದ್ದರೆ ಅದರ ಬಲ 432 ವ್ಯಾಟ್; ಹೇಳಿದ ಮಾತಿಗೆ ಅದು ಹೆಚ್ಚುಕಡಮೆ ನಿಂತಂತಾಯಿತು. ಇನ್ನೊಂದರಲ್ಲಿ 18 ಆಂಪಿಯರ್ ಎಂದಿದ್ದರೆ ಅದರ ಬಲ ಕೇವಲ 216 ವ್ಯಾಟ್. ಉಳಿದದ್ದು 5 ಮತ್ತು 3.3 ವೋಲ್ಟುಗಳ ಪಾಲಿಗೆ ಹಂಚಿಹೋಗಿದೆ. ಅದು ಗ್ರಾಫಿಕ್ಸ್ ಕಾರ್ಡಿನ ಎಲೆಗೆ ಬೀಳುವ ಅನ್ನವಲ್ಲ. ಅಗ್ಗದ ಪೆಟ್ಟಿಗೆಯೊಡನೆ ಉಚಿತವೆಂಬಂತೆ ಬರುವ ಎಸ್.ಎಂ.ಪಿ.ಎಸ್.ಗಳನ್ನು ವಿಶೇಷವಾಗಿ ಈ ದೃಷ್ಟಿಯಿಂದ ನೋಡತಕ್ಕದ್ದು.

ಕೆಲವು ಚೀಟಿಗಳಲ್ಲಿ 12 ವೋಲ್ಟಿನ ಎರಡು ಸಾಲುಗಳಿರುತ್ತವೆ. ಎರಡನ್ನೂ ಸುಮ್ಮನೆ ಕೂಡಿಬಿಡಬಾರದು. ಎರಡಕ್ಕೂ ಸೇರಿ ಗರಿಷ್ಠ ಎಷ್ಟು ವ್ಯಾಟ್ ಎಂಬುದು ಬೇರೆಯಾಗಿ ಬರೆದಿರುತ್ತದೆ, ಅದೇ ಪ್ರಮಾಣ. ಇನ್ನು 80 ಪ್ಲಸ್ ಎಂಬ ಮುದ್ರೆಯ ವಿಚಾರ. 2004ರಲ್ಲಿ ಆರಂಭವಾದ ಈ ಪರೀಕ್ಷೆ ಹೇಳುವುದು, ಡಬ್ಬಿ ಗೋಡೆಯಿಂದ ಎಳೆದ ವಿದ್ಯುತ್ತಿನಲ್ಲಿ ಎಷ್ಟು ಪಾಲನ್ನು ಪೋಲು ಮಾಡದೆ ಮುಂದಕ್ಕೆ ಕೊಡುತ್ತದೆಂಬುದನ್ನು. ಒಳ್ಳೆಯ ಲಕ್ಷಣವೇ ಹೌದು. ಆದರೆ ಮುದ್ರೆಯಿದ್ದ ಮಾತ್ರಕ್ಕೆ ಬಲ ಹೆಚ್ಚಾಗುವುದಿಲ್ಲ.

ಒಂದು ಸಣ್ಣ ಲೆಕ್ಕ

2022ರಲ್ಲಿ ಬಂದ ಇಂಟೆಲ್ ಐ5-12400 ಪ್ರೊಸೆಸರುಳ್ಳ ಯಂತ್ರವೊಂದನ್ನು ತೆಗೆದುಕೊಳ್ಳೋಣ. ಅದರ ಹೆಸರಿನ ಮುಂದೆ 65 ವ್ಯಾಟ್ ಎಂದು ಬರೆದಿದ್ದರೂ, ಭರದಿಂದ ದುಡಿಯುವಾಗ ಅದು 117 ವ್ಯಾಟಿನವರೆಗೆ ಏರಬಹುದೆಂದು ತಯಾರಕರೇ ಹೇಳಿದ್ದಾರೆ. ಮದರ್‌ಬೋರ್ಡು, ಸ್ಮೃತಿ, ಡಿಸ್ಕು, ಫ್ಯಾನುಗಳಿಗೆಲ್ಲ ಸೇರಿ 50 ವ್ಯಾಟ್ ಇಡೋಣ. 3060 ಕಾರ್ಡಿನ 170 ವ್ಯಾಟ್ ಕೂಡಿಸಿದರೆ ಮೊತ್ತ 337. 216 ವ್ಯಾಟಿನ ಡಬ್ಬಿಗೆ ಇದು ಆಗದ ಮಾತು. 432 ವ್ಯಾಟಿನದಕ್ಕೆ ಸಾಧ್ಯ. ಆದರೂ ಉಸಿರಾಡಲು ಹೆಚ್ಚು ಎಡೆಯಿಲ್ಲ. ಇದೇ ಯಂತ್ರಕ್ಕೆ 4060 ಹಾಕಿದರೆ ಮೊತ್ತ 282ಕ್ಕೆ ಇಳಿಯುತ್ತದೆ. 450ರ ಒಳ್ಳೆಯ ಡಬ್ಬಿ ಅದನ್ನು ನಿರಾಯಾಸವಾಗಿ ಸಾಕುತ್ತದೆ. 70 ವ್ಯಾಟಿನ 3050 ಹಾಕಿದರೆ ಮೊತ್ತ 237. ದುರ್ಬಲ ಡಬ್ಬಿಗೆ ಇದೂ ಭಾರವೇ! ಅಂಥವರು ಕಾರ್ಡಿಗಿಂತ ಮೊದಲು ಡಬ್ಬಿಯನ್ನು ಬದಲಾಯಿಸಬೇಕೆಂಬುದರಲ್ಲಿ ಸಂದೇಹವಿಲ್ಲ.

170 ವ್ಯಾಟಿನ 3060ಕ್ಕೆ ಅದರ ತಯಾರಕರು 550 ವ್ಯಾಟಿನ ಎಸ್.ಎಂ.ಪಿ.ಎಸ್. ಇರಲೆಂದು ಹೇಳುತ್ತಾರೆ. ಇದು ವ್ಯಾಪಾರದ ಮಾತೆಂದು ಕೆಲವರು ಹಗುರಾಗಿ ಕಾಣುವುದುಂಟು. ಕಾರ್ಡಿನವರಿಗೆ ನಿಮ್ಮ ಪ್ರೊಸೆಸರು ಯಾವುದೆಂದು ಗೊತ್ತಿಲ್ಲ, ನಿಮ್ಮ ಡಬ್ಬಿ ಸತ್ಯವಂತನೋ ಸುಳ್ಳನೋ ಎಂಬುದೂ ಗೊತ್ತಿಲ್ಲ. ಆದುದರಿಂದ ಕೈಬಿಚ್ಚಿ ಹೇಳುತ್ತಾರೆ. ಚೀಟಿ ಓದಿ ಲೆಕ್ಕ ಹಾಕಲು ಬಾರದವರಿಗೆ ಈ ಸಲಹೆಯೇ ಕ್ಷೇಮ. ಲೆಕ್ಕ ಬಲ್ಲವರು ಮೊತ್ತವು ಡಬ್ಬಿಯ ಬಲದ ಮುಕ್ಕಾಲು ಪಾಲನ್ನು ಮೀರದಂತೆ ನೋಡಿಕೊಂಡರೆ ಸಾಕು.

ಈ ಕಾಲು ಪಾಲು ಏತಕ್ಕೆ? ಕಾರ್ಡು ಸಮವಾಗಿ ಉಣ್ಣುವ ಪ್ರಾಣಿಯಲ್ಲ. ದೃಶ್ಯ ಬದಲಾದಾಗ ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಮೆ ಹೊತ್ತು ಅದು ಹೇಳಿದ್ದಕ್ಕಿಂತ ಬಹಳ ಹೆಚ್ಚು ಎಳೆದುಬಿಡಬಹುದು. ಆ ಕ್ಷಣದಲ್ಲಿ ಡಬ್ಬಿಯೊಳಗಿನ ರಕ್ಷಣೆಯ ಏರ್ಪಾಡು ಬೆದರಿ ಬಾಗಿಲು ಮುಚ್ಚುತ್ತದೆ. ನಡುರಾತ್ರಿ ಪರದೆ ಕಪ್ಪಾಗುವುದರ ಗುಟ್ಟು ಎಷ್ಟೋ ವೇಳೆ ಇಷ್ಟೆ. 2020ರಲ್ಲಿ 3080 ಮತ್ತು 3090 ಕಾರ್ಡುಗಳು ಬಂದಾಗ ಈ ಸಂಗತಿ ಬಹಳ ಚರ್ಚೆಗೆ ಬಂದಿತು. 2022ರಲ್ಲಿ ಹೊರಟ ಎ.ಟಿ.ಎಕ್ಸ್. 3.0 ಎಂಬ ನಿಯಮಾವಳಿಯು, ಹದಿನಾರು ಪಿನ್ನಿನ ಕನೆಕ್ಟರುಳ್ಳ ದೊಡ್ಡ ಡಬ್ಬಿಗಳು ತಮ್ಮ ಬಲದ ಎರಡರಷ್ಟನ್ನು ಸೆಕೆಂಡಿನ ಹತ್ತು ಸಾವಿರದಲ್ಲೊಂದು ಪಾಲಿನಷ್ಟು ಕಾಲ ತಾಳಿಕೊಳ್ಳಬೇಕೆಂದು ವಿಧಿಸಿತು.

ತಂತಿಯ ಮೇಲೂ ಕಣ್ಣಿರಲಿ

ಮನೆಯ 2000 ವ್ಯಾಟಿನ ಗೀಸರು 230 ವೋಲ್ಟಿನಲ್ಲಿ ಎಳೆಯುವುದು ಸುಮಾರು 9 ಆಂಪಿಯರ್. 450 ವ್ಯಾಟಿನ ಗ್ರಾಫಿಕ್ಸ್ ಕಾರ್ಡು 12 ವೋಲ್ಟಿನಲ್ಲಿ ಎಳೆಯುವುದು 37.5 ಆಂಪಿಯರ್! ವೋಲ್ಟು ಕಡಮೆಯಾದಷ್ಟೂ ಆಂಪಿಯರು ಹೆಚ್ಚುತ್ತದೆ. ಆಂಪಿಯರು ಹೆಚ್ಚಿದಷ್ಟೂ ಸಡಿಲವಾದ ಸಂಧಿಗಳು ಕಾಯುತ್ತವೆ. ಗೀಸರಿನ ತಂತಿಗೆ ತೋರುವ ಗೌರವವನ್ನು ಈ ತಂತಿಗಳಿಗೂ ತೋರಬೇಕು.

2022ರ ಅಕ್ಟೋಬರಿನಿಂದ ಈಚೆಗೆ 4090 ಕಾರ್ಡಿನ ಹದಿನಾರು ಪಿನ್ನಿನ ಕನೆಕ್ಟರು ಕರಗಿದ ಸುದ್ದಿಗಳು ಬಂದವು. ಕನೆಕ್ಟರು ಪೂರ್ತಿ ಒಳಸೇರದಿದ್ದುದು ಮುಖ್ಯ ಕಾರಣವೆಂದು ಎನ್ವಿಡಿಯಾ ಕಂಪೆನಿ ಹೇಳಿತು. 2023ರಲ್ಲಿ ಅದನ್ನು ತಿದ್ದಿ, ಸರಿಯಾಗಿ ಸೇರದಿದ್ದರೆ ವಿದ್ಯುತ್ತೇ ಹರಿಯದಂತೆ ಪಿನ್ನುಗಳ ಉದ್ದವನ್ನು ಬದಲಾಯಿಸಿದರು. ಹಾಗಿದ್ದೂ 2025ರಲ್ಲಿ 5090 ಕಾರ್ಡಿನ ವಿಚಾರದಲ್ಲಿ ಇಂಥ ದೂರುಗಳು ಮತ್ತೆ ಕೇಳಿಬಂದವು.

ಸಣ್ಣ ಕಾರ್ಡಿನವರಿಗೂ ಅಪಾಯ ತಪ್ಪಿದ್ದಲ್ಲ. ಡಬ್ಬಿಯಲ್ಲಿ ಆರು ಪಿನ್ನಿನ ತಂತಿ ಇಲ್ಲದಿದ್ದಾಗ, ಡಿಸ್ಕಿಗೆಂದು ಇಟ್ಟಿರುವ ಸಾಟಾ ತಂತಿಯಿಂದ ವಿದ್ಯುತ್ತು ಎಳೆಯುವ ಪರಿವರ್ತಕವೊಂದು ನೂರಿನ್ನೂರು ರೂಪಾಯಿಗೆ ಸಿಕ್ಕುತ್ತದೆ. ಸಾಟಾ ಕನೆಕ್ಟರಿನಲ್ಲಿ 12 ವೋಲ್ಟಿಗೆ ಇರುವುದು ಮೂರೇ ಪಿನ್ನು, ಒಂದೊಂದಕ್ಕೆ 1.5 ಆಂಪಿಯರ್. ಒಟ್ಟು 54 ವ್ಯಾಟ್. ಅದರ ತಲೆಯ ಮೇಲೆ 75 ವ್ಯಾಟಿನ ಹೊರೆ ಹೇರುವುದು ಬೆಂಕಿಯೊಡನೆ ಸರಸವಾಡಿದಂತೆ. ಬೇಕಾದ ತಂತಿ ಡಬ್ಬಿಯಲ್ಲಿಲ್ಲವೆಂದರೆ, ಆ ಡಬ್ಬಿಯು ತನ್ನ ಅಸಾಮರ್ಥ್ಯವನ್ನು ತಾನೇ ಒಪ್ಪಿಕೊಂಡಿದೆಯೆಂದು ತಿಳಿಯತಕ್ಕದ್ದು.

ಕಛೇರಿಗಳಿಂದ ಹೊರಬಿದ್ದು ಅಗ್ಗಕ್ಕೆ ಸಿಕ್ಕುವ ಸಣಕಲು ಪೆಟ್ಟಿಗೆಗಳಲ್ಲಿ ಈ ಸ್ಥಿತಿ ಸಾಮಾನ್ಯ. ಅವುಗಳ ಎಸ್.ಎಂ.ಪಿ.ಎಸ್. ಆಕಾರವೇ ಬೇರೆಯಾಗಿರುವುದರಿಂದ ಬದಲಾಯಿಸುವುದೂ ಕಷ್ಟ. ಸ್ಲಾಟಿನ ವಿದ್ಯುತ್ತಿನಲ್ಲಿಯೇ ನಡೆಯುವ, ಎತ್ತರ ಕಡಮೆಯ 6400 ಅಥವಾ 6 ಜಿ.ಬಿ.ಯ 3050 ಮುಂತಾದವೇ ಅಲ್ಲಿಗೆ ತಕ್ಕವು. ಒಂದೇ ಹೆಸರಿನ ಕಾರ್ಡನ್ನು ಬೇರೆಬೇರೆ ಕಂಪೆನಿಗಳು ಬೇರೆಬೇರೆ ಬಗೆಯಾಗಿ ಮಾಡುವುದರಿಂದ, ಕೊಳ್ಳುವ ಕಾರ್ಡಿಗೆ ತಂತಿಯ ಬಾಯಿ ಇದೆಯೋ ಇಲ್ಲವೋ ಎಂಬುದನ್ನು ಕಣ್ಣಾರೆ ಕಂಡೇ ಹಣ ಕೊಡಬೇಕು.

ಕರೆಂಟು ಹೋದಾಗ

ನಮ್ಮ ಊರುಗಳಲ್ಲಿ ಯು.ಪಿ.ಎಸ್. ಇಟ್ಟುಕೊಂಡವರು ಇನ್ನೊಂದು ಲೆಕ್ಕವನ್ನೂ ಮಾಡಬೇಕು. 600 ವಿ.ಎ. ಎಂದು ಮಾರುವ ಸಾಮಾನ್ಯ ಯು.ಪಿ.ಎಸ್. ಕೊಡುವುದು 360 ವ್ಯಾಟ್. ಮೇಲೆ ಹೇಳಿದ 337 ವ್ಯಾಟಿನ ಯಂತ್ರಕ್ಕೆ ಅಷ್ಟು ಸಾಕೆಂದು ತೋರಬಹುದು. ಆದರೆ ಎಸ್.ಎಂ.ಪಿ.ಎಸ್. ತನ್ನ ಸುಂಕವನ್ನು ಮುರಿದುಕೊಳ್ಳದೆ ಬಿಡುವುದಿಲ್ಲ. ನೂರಕ್ಕೆ 85 ಪಾಲು ಮುಂದಕ್ಕೆ ಕೊಡುವ ಡಬ್ಬಿಯಾದರೂ 337 ಬಡಿಸಲು ಸುಮಾರು 396 ವ್ಯಾಟ್ ಎಳೆಯುತ್ತದೆ. ಪರದೆಯ ಪಾಲು ಬೇರೆ. ದೀಪ ಹೋದೊಡನೆ ಯು.ಪಿ.ಎಸ್. ಕಿರುಚಿ ಕೈಬಿಟ್ಟರೆ ಆಶ್ಚರ್ಯಪಡಬೇಕಾದುದಿಲ್ಲ.

ಕೊನೆಗೆ, ಈಗಾಗಲೇ ದೊಡ್ಡ ಕಾರ್ಡನ್ನು ಕೊಂಡು ತಂದವರಿಗೆ ಒಂದು ಸಮಾಧಾನ. ಕಾರ್ಡಿನೊಡನೆ ದೊರೆಯುವ ತಂತ್ರಾಂಶದಲ್ಲಿ ಅದರ ವಿದ್ಯುತ್ತಿನ ಮಿತಿಯನ್ನು ತಗ್ಗಿಸುವ ಅನುಕೂಲ ಅನೇಕ ವೇಳೆ ಇರುತ್ತದೆ. ವೇಗ ಸ್ವಲ್ಪ ಕುಂದಿದರೂ ಹೊಸ ಡಬ್ಬಿಗೆ ಹಣ ಹೊಂದುವವರೆಗೆ ಕೆಲಸ ಸಾಗುತ್ತದೆ. ಇದು ಪಥ್ಯವೇ ಹೊರತು ಚಿಕಿತ್ಸೆಯಲ್ಲ.

ಅಂಗಡಿಗೆ ಹೊರಡುವ ಮುನ್ನ ಮಾಡಬೇಕಾದ ಕೆಲಸ ಇಷ್ಟೆ: ಗೋಡೆಯ ತಂತಿಯನ್ನು ಕಿತ್ತು, ಗಣಕಯಂತ್ರದ ಪಕ್ಕದ ತಗಡನ್ನು ತೆಗೆದು, ಚೀಟಿಯಲ್ಲಿರುವ 12 ವೋಲ್ಟಿನ ಆಂಪಿಯರನ್ನು ಕಾಗದದ ಮೇಲೆ ಬರೆದುಕೊಳ್ಳುವುದು, ಆರು, ಎಂಟು ಪಿನ್ನಿನ ತಂತಿಗಳು ಎಷ್ಟಿವೆಯೆಂದು ಎಣಿಸುವುದು. ಎಸ್.ಎಂ.ಪಿ.ಎಸ್. ಡಬ್ಬಿಯನ್ನು ಮಾತ್ರ ಎಂದಿಗೂ ಬಿಚ್ಚಬಾರದು. ತಂತಿ ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ಪ್ರಾಣಾಪಾಯಕರವಾದ ವಿದ್ಯುತ್ತು ಉಳಿದಿರಬಹುದು. ಆ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋದವನಿಗೆ ಯಾವ ವ್ಯಾಪಾರಿಯ ಮಾತಿನ ಮೋಡಿಯೂ ತಾಗದು. ಅವನು ಕಾರ್ಡಿನ ಹೆಸರು ಕೇಳುವ ಮೊದಲು ಅದರ ಹಸಿವನ್ನು ಕೇಳುತ್ತಾನೆ. ಅವನ ಮಗಳು ಪರೀಕ್ಷೆಯ ಹಿಂದಿನ ರಾತ್ರಿ ನೆಮ್ಮದಿಯಾಗಿ ತನ್ನ ಕೆಲಸ ಮುಗಿಸಿ ಮಲಗುತ್ತಾಳೆ.