ಕಾಂತದ ಗವಿಯೊಳಗೊಂದು ಸಿನಿಮಾ!

ಗೋಡೆ ತಾಮ್ರ, ನೆಲ ತಾಮ್ರ, ಚಾವಣಿ ತಾಮ್ರ, ಬಾಗಿಲೂ ತಾಮ್ರ! ಬಣ್ಣ, ಟೈಲ್ಸು, ಫಾಲ್ಸ್ ಸೀಲಿಂಗು ಎಲ್ಲ ಮೇಲುಹೊದಿಕೆ ಅಷ್ಟೇ. ಸಾಮಾನ್ಯವಾಗಿ ಎಂ.ಆರ್.ಐ. ಕೋಣೆಯೆಂದರೆ ಆರೂ ಮಗ್ಗಲು ಲೋಹದ ತಗಡು ಹೊದ್ದ ಒಂದು ಪೆಟ್ಟಿಗೆ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಿಂದ ಡಾಕ್ಟರ್ ಚೀಟಿ ಹಿಡಿದುಕೊಂಡು ಹುಬ್ಬಳ್ಳಿಗೋ ದಾವಣಗೆರೆಗೋ ಬಸ್ಸು ಹತ್ತುವವರು ಎಷ್ಟೋ ಜನ. ಒಬ್ಬರಿಗೆ ಸೊಂಟನೋವು, ಇನ್ನೊಬ್ಬರಿಗೆ ಫಿಟ್ಸು, ಮತ್ತೊಬ್ಬರಿಗೆ ಲಕ್ವ. ತಾವು ಇಂಥದೊಂದು ಪೆಟ್ಟಿಗೆಯೊಳಗೆ ಮಲಗಿ ಎದ್ದು ಬಂದೆವೆಂಬುದು ಅವರಿಗೆ ಗೊತ್ತೇ ಆಗುವುದಿಲ್ಲ. ಬಾಗಿಲು ಹಾಕಿದರೆ ಒಳಗೆ ಮೊಬೈಲ್ ಸಿಗ್ನಲ್ ಕೂಡ ಸುಳಿಯುವುದಿಲ್ಲ. ಅಂಥ ಪೆಟ್ಟಿಗೆಯೊಳಗೆ, ಅದೂ ಮಶೀನಿನ ಬಾಯೊಳಗೆ ಅಂಗಾತ ಮಲಗಿದವರ ಕಣ್ಣೆದುರಿಗೆ, ಸಿನಿಮಾ ಓಡಿಸುತ್ತಾರೆ!

ಹೇಗೆ? ಈ ಒಂದು ಪ್ರಶ್ನೆಯ ಬೆನ್ನು ಹತ್ತಿ ಹೋದರೆ ಒಂದು ಬೆರಗಿನ ಹಿಂದೆ ಇನ್ನೊಂದು ಬೆರಗು ಕಾದು ಕೂತಿರುತ್ತದೆ.

ಮೊದಲು ಸಿನಿಮಾ ಯಾಕೆ ಬೇಕು ಅನ್ನುವುದನ್ನು ನೋಡೋಣ. ಮಶೀನಿನ ಬಾಯಿ 60 ಸೆಂಟಿಮೀಟರ್ ಅಗಲ, ಹೊಸ ಮಾದರಿಗಳಲ್ಲಿ 70. ಒಳಗೆ ಹೋದ ಮೇಲೆ ಮೂಗಿನ ಮುಂದೆಯೇ ಗೋಡೆ. ಇಪ್ಪತ್ತು ನಿಮಿಷವೋ ಮುಕ್ಕಾಲು ಗಂಟೆಯೋ ಅಲುಗಾಡುವಂತಿಲ್ಲ. ಕೆಲವು ಮಿಲಿಮೀಟರ್ ಸರಿದರೂ ಚಿತ್ರ ಮಸುಕು. ಮೂಗುತಿ, ಕರಿಮಣಿ, ಕಾಲುಂಗುರ ಬಿಚ್ಚಿಟ್ಟು, ಜರಿ ಅಂಚಿನ ಇಳಕಲ್ ಸೀರೆ ಬದಲಿಸಿ ಆಸ್ಪತ್ರೆಯ ಅಂಗಿ ತೊಟ್ಟ ಅಜ್ಜಿಗೆ ಆಗಲೇ ಅರ್ಧ ಜೀವ ಹೋಗಿರುತ್ತದೆ. “ಒಳಗ ಹೋದ್ರ ಉಸಿರು ಕಟ್ಟತೈತ್ರಿ, ನಾ ಒಲ್ಲೆ” ಎಂದು ಅವಳು ಎದ್ದು ಕೂತರೆ ಅಲ್ಲಿಗೆ ಮುಗಿಯಿತು. ಆ ದಿನದ ಕೂಲಿ ಹೋಯಿತು, ಜೊತೆಗೆ ಬಂದ ಮಗನ ಕೂಲಿಯೂ ಹೋಯಿತು, ಸ್ಕ್ಯಾನೂ ಆಗಲಿಲ್ಲ.

ಹಾಗಾದರೆ ಒಂದು ಟಿ.ವಿ. ತಂದಿಟ್ಟರಾಯಿತಲ್ಲ? ಆಗುವುದಿಲ್ಲ! ಈ ಮಶೀನುಗಳಲ್ಲಿ ಸಾಮಾನ್ಯವಾದ 1.5 ಟೆಸ್ಲಾ ಬಲದ ಕಾಂತವೆಂದರೆ, ನಮ್ಮ ನಾಡಿನಲ್ಲಿ ದಿಕ್ಸೂಚಿಯ ಮುಳ್ಳನ್ನು ತಿರುಗಿಸುವ ಭೂಮಿಯ ಕಾಂತಬಲದ ಸುಮಾರು 37,000 ಪಟ್ಟು. ಕರೆಂಟು ಹೋದರೂ ಅದು ಆರುವುದಿಲ್ಲ. ದ್ರವ ಹೀಲಿಯಮ್ಮಿನಲ್ಲಿ ಸೊನ್ನೆಗಿಂತ 269 ಡಿಗ್ರಿ ಕೆಳಗೆ ತಣಿದ ತಂತಿಸುರುಳಿಯಲ್ಲಿ ವಿದ್ಯುತ್ತು ತನ್ನಷ್ಟಕ್ಕೆ ತಾನೇ ಸುತ್ತುತ್ತ ಇರುತ್ತದೆ, ಹಗಲೂ ರಾತ್ರಿ. 2018ರ ಜನವರಿಯಲ್ಲಿ ಮುಂಬೈಯಲ್ಲಿ ಆಕ್ಸಿಜನ್ ಸಿಲಿಂಡರ್ ಹಿಡಿದು ಇಂಥ ಕೋಣೆಗೆ ಹೋದವರೊಬ್ಬರನ್ನು ಸಿಲಿಂಡರಿನ ಸಮೇತ ಮಶೀನು ಎಳೆದುಕೊಂಡು, ಅವರು ತೀರಿಹೋದರು. ಹೀಗಿರುವಾಗ ಕಬ್ಬಿಣದ ಸ್ಟ್ಯಾಂಡಿನ ಟಿ.ವಿ. ಗತಿ ಏನು?

ಆದರೆ ಕಾಂತದ ಎಳೆತ ಸಣ್ಣ ತೊಂದರೆ. ಕಬ್ಬಿಣವೇ ಇಲ್ಲದ ಟಿ.ವಿ. ಮಾಡಬಹುದು, ಮಾಡಿದ್ದಾರೆ ಕೂಡ. ನಿಜವಾದ ತೊಂದರೆ ನಮ್ಮ ಮೈಯೊಳಗಿನ ನೀರಿನದು, ಮತ್ತು ನಾನು ಬೆಕ್ಕಸಬೆರಗಾದದ್ದೇ ಇಲ್ಲಿ! ನಮ್ಮ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರು. ಆ ನೀರಿನ ಹೈಡ್ರೋಜನ್ನಿನ ಪ್ರೋಟಾನುಗಳು ಬಲವಾದ ಕಾಂತದೊಳಗೆ ಬುಗುರಿಯ ಹಾಗೆ ಓಲಾಡತೊಡಗುತ್ತವೆ. ಮಶೀನು ಒಂದು ರೇಡಿಯೊ ಅಲೆಯನ್ನು ಬಿಟ್ಟು ಸುಮ್ಮನಾಗುತ್ತದೆ. ಪ್ರೋಟಾನುಗಳು ಅದೇ ಅಲೆಯಲ್ಲಿ ಉತ್ತರ ಕೊಡುತ್ತವೆ. 1.5 ಟೆಸ್ಲಾದಲ್ಲಿ ಆ ಅಲೆ 63.87 ಮೆಗಾಹರ್ಟ್ಸ್. ಧಾರವಾಡ ಆಕಾಶವಾಣಿ 765 ಕಿಲೋಹರ್ಟ್ಸಿನಲ್ಲಿ ಬಂದರೆ, ಸವಣೂರಿನ ಎಲೆ ತೋಟದ ಆಳಿನ ಮೊಣಕಾಲು 63.87 ಮೆಗಾಹರ್ಟ್ಸಿನಲ್ಲಿ ಬರುತ್ತದೆ! ಮನುಷ್ಯನೇ ನಿಲಯ, ಮಶೀನೇ ಕೇಳುಗ. ಆದರೆ ಆ ನಿಲಯದ ದನಿ ಮಾತ್ರ ಕ್ಷೀಣವೋ ಕ್ಷೀಣ. ಊರಿನ ಎಫ್.ಎಂ., ಮೊಬೈಲ್ ಟವರು, ಪಕ್ಕದ ಕೋಣೆಯ ಟ್ಯೂಬ್‌ಲೈಟು, ಯಾವುದು ಗದ್ದಲ ಮಾಡಿದರೂ ಮುಳುಗಿ ಹೋಗುವಷ್ಟು.

ತಾಮ್ರದ ಪೆಟ್ಟಿಗೆ ಇರುವುದು ಅದಕ್ಕೆ. ಲೋಹದ ಕೋಣೆಯೊಳಗೆ ಹೊರಗಿನ ವಿದ್ಯುತ್ತಿನ ಆಟ ನಡೆಯದೆಂದು 1836ರಲ್ಲಿ ಮೈಕೆಲ್ ಫ್ಯಾರಡೆ ತಾನೇ ಒಳಗೆ ಹೊಕ್ಕು ತೋರಿಸಿದ್ದ. ಇಂದಿನ ಕೋಣೆಗಳಿಗೆ ಕೇಳುವ ಅಳತೆ ಸುಮಾರು 100 ಡೆಸಿಬಲ್. ಹೊರಗಿನ ರೇಡಿಯೊ ಬಲದಲ್ಲಿ ಒಳಗೆ ನುಸುಳುವುದು ಸಾವಿರ ಕೋಟಿಯಲ್ಲಿ ಒಂದು ಪಾಲು!

ಇಷ್ಟು ಕಷ್ಟಪಟ್ಟು ಕಟ್ಟಿದ ಮೌನದೊಳಗೆ ಸಾಮಾನ್ಯ ಟಿ.ವಿ. ಇಟ್ಟರೆ ಅದೇ ಒಂದು ಗದ್ದಲದ ನಿಲಯವಾಗುತ್ತದೆ. ಅದರ ಸರ್ಕೀಟುಗಳು ಉಗುಳುವ ರೇಡಿಯೊ ಕಸ, ಬೆನ್ನುಮೂಳೆಯ ಚಿತ್ರದ ಮೇಲೆ ಚುಕ್ಕಿ ಗೆರೆಯಾಗಿ ಬಂದು ಕೂರುತ್ತದೆ. ತಂತ್ರಜ್ಞರು ಅದನ್ನು ‘ಝಿಪ್ಪರ್’ ಅನ್ನುತ್ತಾರೆ. ಹೊರಗಿನಿಂದ ಒಂದು ತಂತಿ ಎಳೆದರೂ ಅಷ್ಟೇ, ಆ ತಂತಿ ಆಂಟೆನಾ ಆಗಿ ಊರ ಗದ್ದಲವನ್ನೆಲ್ಲ ಒಳಗೆ ಸುರಿಯುತ್ತದೆ. ಅಂದರೆ ಟಿ.ವಿ.ಗೆ ರಕ್ಷಾಕವಚ ತೊಡಿಸುವುದು ಟಿ.ವಿ.ಯನ್ನು ಕಾಪಾಡಲು ಮಾತ್ರವಲ್ಲ. ಮಶೀನಿಗೆ ನಮ್ಮ ಮೈಯ ಪಿಸುಮಾತು ಕೇಳಿಸಲಿ ಎಂದು!

ಹಾಗಾದರೆ ಚಿತ್ರ ಒಳಗೆ ಹೋಗುವುದು ಹೇಗೆ? ಬೆಳಕಾಗಿ! 63.87 ಮೆಗಾಹರ್ಟ್ಸಿನ ಒಂದು ಅಲೆಯ ಉದ್ದ ಸುಮಾರು 4.7 ಮೀಟರ್, ಹದಿನೈದು ಅಡಿ. ಗೋಡೆಗೆ ಕೆಲವೇ ಸೆಂಟಿಮೀಟರ್ ಅಗಲದ ಲೋಹದ ಕೊಳವೆ ಕೂರಿಸಿದರೆ ಹದಿನೈದು ಅಡಿಯ ಅಲೆ ಅದರಲ್ಲಿ ತೂರಲಾರದೆ ಸೋತು ಹೋಗುತ್ತದೆ. ಬೆಳಕಿನ ಅಲೆಯೋ, ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತಲೂ ಚಿಕ್ಕದು. ಅದಕ್ಕೆ ಆ ಕೊಳವೆಯೇ ಹೆದ್ದಾರಿ. ತೆರೆದ ತೂತು ಗೋಡೆಯಲ್ಲಿದೆ, ಆದರೂ ರೇಡಿಯೊಗೆ ಪ್ರವೇಶವಿಲ್ಲ! ಹೊರಗೆ ಪ್ರೊಜೆಕ್ಟರ್ ಇಟ್ಟು ಕೊಳವೆಯ ಮೂಲಕವೋ ತಾಮ್ರದ ಜಾಲರಿ ಹಾಕಿದ ಗಾಜಿನ ಕಿಟಕಿಯ ಮೂಲಕವೋ ಒಳಗಿನ ಪರದೆಗೆ ಚಿತ್ರ ಬಿಡುತ್ತಾರೆ. ಇಲ್ಲವೇ ಎಲ್.ಸಿ.ಡಿ. ಪರದೆಯನ್ನೇ ಕಾಂತಕ್ಕೆ ಅಂಟದ ಲೋಹದ ಡಬ್ಬಿಯಲ್ಲಿಟ್ಟು, ಮುಂದೆ ವಿದ್ಯುತ್ತು ಹರಿಯಬಲ್ಲ ಪಾರದರ್ಶಕ ಗಾಜು ಮುಚ್ಚಿ, ದೃಶ್ಯವನ್ನು ಆಪ್ಟಿಕಲ್ ಫೈಬರಿನಲ್ಲಿ ತರುತ್ತಾರೆ. ಮಲಗಿದವರ ಕಣ್ಣ ಮೇಲೆ ಓರೆಯಾಗಿ ಒಂದು ಕನ್ನಡಿ. ಕತ್ತು ಅಲುಗಿಸದೆ ಕಾಲಾಚೆಯ ಪರದೆ ಕಾಣುತ್ತದೆ.

ಇನ್ನು ಸದ್ದು. ಮಶೀನಿನ ಆ ‘ಢಗ್ ಢಗ್’ ಬರುವುದೂ ಲೌಡ್‌ಸ್ಪೀಕರಿನ ತತ್ವದಿಂದಲೇ. ಕಾಂತದೊಳಗಿನ ಸುರುಳಿಗಳಲ್ಲಿ ವಿದ್ಯುತ್ತು ಸರಸರನೆ ಬದಲಾದಾಗ ಅವು ನಡುಗುತ್ತವೆ, 100 ಡೆಸಿಬಲ್ ದಾಟಿ ಕೂಗುತ್ತವೆ. ಮಾಮೂಲಿ ಹೆಡ್‌ಫೋನಿನಲ್ಲಿ ಕಾಂತವಿದೆ, ಅದಕ್ಕೆ ಇಲ್ಲಿ ಜಾಗವಿಲ್ಲ. ಉಪಾಯ ಎಷ್ಟು ಸರಳ ಗೊತ್ತೇ? ಸ್ಪೀಕರ್ ದೂರದಲ್ಲಿ, ಅಲ್ಲಿಂದ ಕಿವಿಯವರೆಗೆ ಪ್ಲಾಸ್ಟಿಕ್ ಕೊಳವೆ. ಹಾಡು ಬರೀ ಗಾಳಿಯಲ್ಲಿ ತೇಲಿ ಬರುತ್ತದೆ. ಶಿಶುನಾಳ ಶರೀಫಜ್ಜನ ತತ್ವಪದ ಶಿಗ್ಗಾಂವಿಯವರ ಕಿವಿಗೆ ಒಂದೇ ಒಂದು ತಂತಿಯಿಲ್ಲದೆ ತಲುಪುವ ದಾರಿ ಇದು.

ಮಕ್ಕಳ ವಿಷಯಕ್ಕೆ ಬಂದರೆ ಇದು ಬರೀ ಮನರಂಜನೆ ಅಲ್ಲ. ಸುಮ್ಮನೆ ಮಲಗದ ಕೂಸಿಗೆ ನಿದ್ದೆಯ ಔಷಧಿ ಕೊಡಬೇಕು, ಅದಕ್ಕೆ ಉಪವಾಸ, ಅರಿವಳಿಕೆಯ ಡಾಕ್ಟರು, ಎಚ್ಚರವಾಗುವವರೆಗೆ ನಿಗಾ. ಅಷ್ಟರಲ್ಲಿ ಹಿರೇಕೆರೂರಿನ ಕಡೆಯ ಬಸ್ಸು ಹೋಗಿರುತ್ತದೆ. 2001ರಲ್ಲೇ ಅಮೆರಿಕದ ಡೆನ್ವರ್‌ನ ಮಕ್ಕಳ ವೈದ್ಯರು, ಇಂಥ ಚಿತ್ರ-ಹಾಡಿನ ವ್ಯವಸ್ಥೆ ಬಂದ ಮೇಲೆ ಔಷಧಿ ಕೊಟ್ಟು ಮಲಗಿಸಬೇಕಾದ ಮಕ್ಕಳು ಕಡಿಮೆಯಾದರು ಎಂದು ವರದಿ ಮಾಡಿದರು. ಸಂಶೋಧಕರೂ ಬಿಡಲಿಲ್ಲ. 2011ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಶಿಂಜಿ ನಿಶಿಮೊಟೊ, ಜ್ಯಾಕ್ ಗ್ಯಾಲಂಟ್ ತಂಡ ಮಶೀನಿನೊಳಗೆ ಸಿನಿಮಾ ತುಣುಕು ತೋರಿಸಿ, ಮಿದುಳಿನ ರಕ್ತದ ಏರಿಳಿತ ಓದಿ, ನೋಡಿದ ದೃಶ್ಯವನ್ನು ಮಸುಕು ಮಸುಕಾಗಿ ಮತ್ತೆ ಕಟ್ಟಿ ತೋರಿಸಿತು. ಕಣ್ಣಿನಿಂದ ಒಳಹೋದ ಸಿನಿಮಾ ಮಿದುಳಿನಿಂದ ವಾಪಸು ಬಂತು, ಶಿವನೇ!

ಏನು ತೋರಿಸಬೇಕು? ನಗೆ ನಾಟಕ ಮಾತ್ರ ಬೇಡ. ನಕ್ಕರೆ ತಲೆ ಅಲ್ಲಾಡುತ್ತದೆ, ಸ್ಕ್ಯಾನ್ ಕೆಡುತ್ತದೆ. ಹಾನಗಲ್ಲ ತಾಲ್ಲೂಕಿನ ಶೇಷಗಿರಿಯ ರಂಗಕಲಾವಿದರು ಕ್ಷಮಿಸಬೇಕು. ಮಕ್ಕಳು ಅಲುಗದೆ ನೋಡಲೆಂದೇ ಮೆಲ್ಲಗೆ ತೇಲುವ ಆಕಾರಗಳ ‘ಇನ್‌ಸ್ಕೇಪ್ಸ್’ ಎಂಬ ಕಿರುಚಿತ್ರವನ್ನು ತಮಾರಾ ವಾಂಡರ್ವಾಲ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಮಾಡಿ, 2015ರಲ್ಲಿ ಪ್ರಕಟಿಸಿದರು. ನಮಗೆ ಅದೂ ಬೇಕಿಲ್ಲ. ಹಾನಗಲ್ಲಿನ ಆನಿಕೆರೆಯ ನೀರು, ಸವಣೂರಿನ ಮಠದ ದೊಡ್ಡಹುಣಸೆ ಮರಗಳು, ಹಿರೇಕೆರೂರಿನ ದುರ್ಗಾದೇವಿ ಕೆರೆ ಇವನ್ನು ಸಾವಕಾಶವಾಗಿ ಚಿತ್ರಿಸಿದರೆ ಸಾಕು. ಎಲ್ಲಕ್ಕಿಂತ ಮಿಗಿಲಾಗಿ ಹಾನಗಲ್ಲಿನ ತಾರಕೇಶ್ವರ ಗುಡಿಯ ಚಾವಣಿಯಲ್ಲಿ ಅರಳಿದ ಕಲ್ಲಿನ ಮಹಾತಾವರೆ! ಚಾಲುಕ್ಯರ ಕಾಲದ ಆ ಕೆತ್ತನೆಯನ್ನು ನೋಡಿ ನೋಡಿ ನಮ್ಮ ಕುತ್ತಿಗೆ ಉಳುಕುತ್ತದೆ. ಅಂಗಾತ ಮಲಗಿದವರಿಗಿಂತ ಒಳ್ಳೆಯ ಪ್ರೇಕ್ಷಕರು ಅದಕ್ಕೆ ಎಲ್ಲಿ ಸಿಕ್ಕಾರು?

ಕನ್ನಡಕದಂತೆ ಕಣ್ಣಿಗೆ ತೊಡುವ ದುಬಾರಿ ಟಿ.ವಿ.ಯೇ ಬೇಕೆಂದು ನನಗೇನೂ ಅನಿಸುವುದಿಲ್ಲ. 2023ರ ಆಗಸ್ಟಿನಲ್ಲಿ ಬೆಂಗಳೂರಿನ ವೋಕ್ಸೆಲ್‌ಗ್ರಿಡ್ಸ್ ಕಂಪನಿ 1.5 ಟೆಸ್ಲಾದ ಇಡೀ ಎಂ.ಆರ್.ಐ. ಮಶೀನನ್ನೇ ದೇಶದಲ್ಲಿ ಕಟ್ಟಿ ತೋರಿಸಿತು. ಅಂಥ ನಾಡಿಗೆ ಕಿಟಕಿಯಾಚೆಯ ಒಂದು ಪ್ರೊಜೆಕ್ಟರು, ಒಂದು ಬಿಳಿ ಪರದೆ, ಒಂದು ಕನ್ನಡಿ ಯಾವ ಲೆಕ್ಕ! ಒಂದೇ ಎಚ್ಚರಿಕೆ ಸಾಕು. ಒಂದೇ ಕನ್ನಡಿಯಲ್ಲಿ ಚಿತ್ರ ತಿರುಗುಮುರುಗಾಗಿ ಕಾಣುವುದರಿಂದ ಪ್ರೊಜೆಕ್ಟರಿನಲ್ಲೇ ಚಿತ್ರವನ್ನು ಮೊದಲು ತಿರುಗಿಸಿಡಬೇಕು. ಪರೀಕ್ಷೆಗೆ ದಪ್ಪ ಅಕ್ಷರದಲ್ಲಿ ‘ಹಾನಗಲ್ಲ’ ಎಂದು ಹಾಕಿ ನೋಡಿ. ಮಲಗಿದ ಹುಡುಗ ಅದನ್ನು ತಡವರಿಸದೆ ಓದಿದನೋ, ಮುಂದಿನ ಆಟ ಶುರು ಮಾಡಬಹುದು.