ತಡೆ ಆದೇಶ ಎಷ್ಟು ದೂರ ಹೋಗುತ್ತದೆ?

2008ರ ಫೆಬ್ರವರಿ 24ರಂದು, ದೇಶದೊಳಗೆ ಯೂಟ್ಯೂಬ್ ನಿಲ್ಲಿಸಿ ಎಂಬ ಸರ್ಕಾರಿ ಆದೇಶ ಪಾಲಿಸಲು ಹೊರಟ ಪಾಕಿಸ್ತಾನ್ ಟೆಲಿಕಾಂ, ಸುಮಾರು ಎರಡು ಗಂಟೆ ಕಾಲ ಜಗತ್ತಿನ ಬಹುಭಾಗಕ್ಕೆ ಯೂಟ್ಯೂಬ್ ಸಿಗದಂತೆ ಮಾಡಿಬಿಟ್ಟಿತು. ಯಾವ ವಿಳಾಸಕ್ಕೆ ಯಾವ ದಾರಿ ಎಂಬುದನ್ನು ಅಂತರ್ಜಾಲದ ಸಾವಿರಾರು ಜಾಲಗಳು ಬಿಜಿಪಿ ಎಂಬ ನಿಯಮಾವಳಿಯಂತೆ ಒಂದಕ್ಕೊಂದು ಸಾರಿಕೊಳ್ಳುತ್ತವೆ. ಎರಡು ದಾರಿ ಕೇಳಿಬಂದರೆ ಹೆಚ್ಚು ಕಿರಿದಾದ ವಿಳಾಸಗುಂಪನ್ನು ಹೆಸರಿಸಿದ್ದಕ್ಕೇ ಮಣೆ. ಯೂಟ್ಯೂಬ್ ಸಾರಿದ್ದು 1,024 ವಿಳಾಸಗಳ ಗುಂಪು. ಅದರೊಳಗಿನ 256ಕ್ಕೆ ದಾರಿ ತನ್ನಲ್ಲಿದೆ ಎಂದು ಪಾಕಿಸ್ತಾನ್ ಟೆಲಿಕಾಂ ಸಾರಿತು. ಆ ದಾರಿಯ ಕೊನೆಯಲ್ಲಿ ಏನೂ ಇರಲಿಲ್ಲ. ಗಡಿಯೊಳಗೆ ಉಳಿಯಬೇಕಿದ್ದ ಈ ಸುಳ್ಳನ್ನು ಹಾಂಕಾಂಗ್‌ನ ದೂರಸಂಪರ್ಕ ಕಂಪನಿ ಪಿಸಿಸಿಡಬ್ಲ್ಯು ಸೋಸಿ ನೋಡದೆ ಮುಂದಕ್ಕೆ ದಾಟಿಸಿತು. ಆದೇಶದಲ್ಲಿ ಇದ್ದದ್ದು ಏನನ್ನು ತಡೆಯಬೇಕೆಂಬುದು. ಹಾನಿ ಹಬ್ಬಿದ್ದು ಹೇಗೆ ತಡೆದರು ಎಂಬುದರಿಂದ.

ನಮ್ಮ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮಿನ ಕೊರತೆಯೂ ಇಲ್ಲೇ ಇದೆ. ದೇಶದ ಭದ್ರತೆ, ಸಾರ್ವಜನಿಕ ಶಾಂತಿ ಎಂದು ತಡೆಗೆ ಕಾರಣಗಳನ್ನು ಅದು ಪಟ್ಟಿ ಮಾಡುತ್ತದೆ, ತಂತ್ರವನ್ನು ಹೇಳುವುದಿಲ್ಲ. ಈಗ ಬಹುಪಾಲು ತಾಣಗಳು ಗೂಢಲಿಪಿಯಲ್ಲಿ ವ್ಯವಹರಿಸುವುದರಿಂದ ಇಂಟರ್‌ನೆಟ್ ಸೇವಾದಾರನಿಗೆ ತಾಣದ ಹೆಸರು ಕಾಣುತ್ತದೆ, ಓದುತ್ತಿರುವ ಪುಟ ಕಾಣದು. ಒಂದು ಪುಟ ಮುಚ್ಚೆಂದರೂ ಅವನು ಮುಚ್ಚಬಲ್ಲದ್ದು ಇಡೀ ತಾಣವನ್ನೇ. 2014ರ ಡಿಸೆಂಬರಿನಲ್ಲಿ ಉಗ್ರರ ಪ್ರಚಾರ ತಡೆಯಲೆಂದು ಹೊರಟ ಆದೇಶವಂತೂ ವಿಮಿಯೋ, ಪೇಸ್ಟ್‌ಬಿನ್, ಇಂಟರ್‌ನೆಟ್ ಆರ್ಕೈವ್ ಸೇರಿ 32 ತಾಣಗಳನ್ನು ಒಟ್ಟಿಗೇ ಮುಚ್ಚಿಸಿತ್ತು.

ಹಾಗಿದ್ದರೆ ಆ ಪುಟ ತೆಗೆಯಲು ಕಂಪನಿಗೇ ಹೇಳಬಹುದಲ್ಲ? ಇಲ್ಲಿ ಕಚೇರಿಯಿರುವ ದೊಡ್ಡ ಕಂಪನಿಗಳಿಗೆ ಹೇಳಬಹುದು, ಹೇಳುತ್ತಲೂ ಇದ್ದಾರೆ. ಆದರೆ ಅಲ್ಲೂ ಅಳತೆಯ ಜಗಳ ತಪ್ಪಿಲ್ಲ. ಟ್ವೀಟುಗಳನ್ನು ತಡೆಯಬಹುದು, ಇಡೀ ಖಾತೆಯನ್ನಲ್ಲ ಎಂಬ ಟ್ವಿಟರ್ ವಾದವನ್ನು 2023ರ ಜೂನ್ 30ರಂದು ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ ಒಪ್ಪದೆ 50 ಲಕ್ಷ ರೂಪಾಯಿ ದಂಡ ಹಾಕಿತು. ಆದೇಶದ ವಿವರ ಬಯಲಾದರೆ ಕಿಡಿಗೇಡಿಗಳು ನುಸುಳುತ್ತಾರೆ ಎಂಬ ಆಕ್ಷೇಪವೂ ಇದೆ. 69ಎ ಅಡಿಯ 2009ರ ನಿಯಮಗಳೂ ಗೋಪ್ಯತೆ ವಿಧಿಸಿವೆ. ನನಗಿದು ಅಷ್ಟಾಗಿ ಒಪ್ಪಿತವಲ್ಲ. ನುಸುಳುವವರಿಗೆ ತಡೆ ದಾಟಿಸುವ ವಿಪಿಎನ್ ಇದ್ದೇ ಇದೆ, ಕತ್ತಲಲ್ಲಿ ಉಳಿಯುವವನು ನೆಟ್‌ವರ್ಕ್ ಕೆಟ್ಟಿದೆ ಎಂದುಕೊಳ್ಳುವ ಸಾಮಾನ್ಯ ಓದುಗ. 2015ರ ಶ್ರೇಯಾ ಸಿಂಘಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ 69ಎ ಅನ್ನು ಉಳಿಸಿದ ಕಾರಣಗಳಲ್ಲೊಂದು, ತಡೆಗೆ ಕಾರಣವನ್ನು ಬರೆದಿಡಬೇಕು, ಅದನ್ನು ರಿಟ್ ಅರ್ಜಿಯಲ್ಲಿ ಪ್ರಶ್ನಿಸಬಹುದು ಎಂಬುದು. ತಡೆಯ ತಂತ್ರ, ವ್ಯಾಪ್ತಿ, ಮುಗಿಯುವ ದಿನ ಇಷ್ಟನ್ನೂ ಆ ಬರಹಕ್ಕೆ ಸೇರಿಸಿ ಪ್ರಕಟಿಸಬೇಕು. ಆದೇಶದ ಪ್ರತಿಯೇ ಕೈಗೆ ಸಿಗದವನು ಅರ್ಜಿಗೆ ಏನನ್ನು ಲಗತ್ತಿಸಿಯಾನು?