ಊಟ ತಂದವರಿಗೆ ಟಿಪ್ಸ್ ಎಷ್ಟು ಕೊಡಬೇಕು?

ದೊಡ್ಡಬಳ್ಳಾಪುರ ಪೇಟೆಯ ಹೋಟೆಲಿನಿಂದ ಊರಾಚೆಯ ಹೊಸ ಲೇಔಟಿಗೆ ಎಂಟು ಕಿಲೋಮೀಟರ್ ಎಂದುಕೊಳ್ಳಿ. ಇಂದಿರಾನಗರದಲ್ಲಾದರೆ ಪಾರ್ಸೆಲ್ ಕೊಟ್ಟು ಗಾಡಿ ತಿರುಗಿಸುವಷ್ಟರಲ್ಲಿ ಪಕ್ಕದ ರಸ್ತೆಯಲ್ಲೇ ಇನ್ನೊಂದು ಆರ್ಡರ್ ಸಿಕ್ಕೀತು. ಇಲ್ಲಿ ಲೇಔಟಿನ ಸುತ್ತ ದ್ರಾಕ್ಷಿ ತೋಟ, ರಾಗಿ ಹೊಲ. ಡೆಲಿವರಿಯವರು ಸಾಮಾನ್ಯವಾಗಿ ಖಾಲಿ ಗಾಡಿಯಲ್ಲೇ ಪೇಟೆಗೆ ವಾಪಸಾಗಬೇಕು. ಬೈಕು ಲೀಟರಿಗೆ 45 ಕಿ.ಮೀ. ಓಡಿದರೂ, ಪೆಟ್ರೋಲ್ ಬೆಲೆ 100 ರೂಪಾಯಿ ದಾಟಿರುವಾಗ ಆ ವಾಪಸು ದಾರಿಗೇ ಹತ್ತಿರಹತ್ತಿರ 18 ರೂಪಾಯಿ.

ನನ್ನ ಪ್ರಕಾರ ಟಿಪ್ಸ್ ಲೆಕ್ಕ ಶುರುವಾಗಬೇಕಾದ್ದು ಇಲ್ಲಿಂದ. ಬಿಲ್ಲಿನ ಶೇ. 10 ಎನ್ನುವುದು ಹೋಟೆಲಿನಲ್ಲಿ ಕೂತು ಉಂಡವರ ರೂಢಿ. 120 ರೂಪಾಯಿಯ ಇಡ್ಲಿಗೂ 1,200 ರೂಪಾಯಿಯ ಬಿರಿಯಾನಿಗೂ ಸುಡುವ ಪೆಟ್ರೋಲ್ ಒಂದೇ. ಪೇಟೆಯೊಳಗೇ ಆದರೆ 10 ರೂಪಾಯಿ ಸಾಕು, ಕೊಡದಿದ್ದರೂ ತಪ್ಪೇನಿಲ್ಲ. ಐದಾರು ಕಿಲೋಮೀಟರ್ ದಾಟಿದರೆ 20–30. ಜೋರು ಮಳೆ, ಸರಿರಾತ್ರಿ, ನೆಲಮಂಗಲದ ಕಡೆ ಹೆದ್ದಾರಿಯಲ್ಲಿ ಸುತ್ತಿ ಬರಬೇಕಾದ ಮನೆ ಎಂದರೆ 50 ಕೊಟ್ಟರೂ ಹೆಚ್ಚೇನಲ್ಲ.

ಬಿಲ್ಲಿನಲ್ಲಿ ಹತ್ತಾರು ಸಾಲುಗಳಿರುತ್ತವೆ. ಪ್ಲಾಟ್‌ಫಾರ್ಮ್ ಫೀ ಕಂಪನಿಯದು, ಪ್ಯಾಕಿಂಗ್ ಚಾರ್ಜ್ ಹೋಟೆಲಿನದು. ಡೆಲಿವರಿ ಫೀ ಎಂದು ನೀವು ಕಟ್ಟಿದ್ದೂ ತಂದವರಿಗೆ ಸಿಗುವ ಕೂಲಿಯೂ ಒಂದೇ ಅಲ್ಲ. ಡೊನೇಶನ್ ಎಂದು ಟಿಕ್ ಮಾಡಿದ್ದು ಬೇರೆ ಕಡೆ ಹೋಗುತ್ತದೆ. ಟಿಪ್ಸ್ ಪೂರ್ತಿ ಡೆಲಿವರಿಯವರಿಗೇ ಎಂದು ಸ್ವಿಗ್ಗಿ, ಜೊಮ್ಯಾಟೊ ಎರಡೂ ಹೇಳುತ್ತವೆ. ಅದು ಅವರ ಗಳಿಕೆಯ ಖಾತೆಗೆ ಜಮೆಯಾಗಿ ಆಮೇಲೆ ಕೈಸೇರುತ್ತದೆ. ಬಾಗಿಲಲ್ಲಿ ಕೊಟ್ಟ ನಗದು ಅಥವಾ ಅವರದೇ ಫೋನ್‌ಪೇಗೆ ಹಾಕಿದ ದುಡ್ಡು ಅವತ್ತಿನ ಪೆಟ್ರೋಲಿಗೇ ಆಗುತ್ತದೆ. ನಾನು ಇದೇ ಮೇಲು ಎನ್ನುತ್ತೇನೆ. ಆರ್ಡರ್ ಹಾಕುವಾಗಲೇ ಟಿಪ್ಸ್ ಒತ್ತಬೇಕೆಂದಿಲ್ಲ, ಊಟ ತಲುಪಿದ ಮೇಲೆ ಆ್ಯಪ್‌ನಲ್ಲೂ ಕೊಡಬಹುದು.

ಟಿಪ್ಸ್ ಕೊಟ್ಟ ಮಾತ್ರಕ್ಕೆ ಕಂಪನಿಯ ಹೊಣೆ ತೀರುವುದಿಲ್ಲ. ಗಿಗ್ ಕಾರ್ಮಿಕರಿಗಾಗಿ ಕರ್ನಾಟಕ 2025ರಲ್ಲಿ ತಂದ ಕಾಯ್ದೆಯಂತೆ, ಕಾರ್ಮಿಕರಿಗೆ ಕೊಡುವ ಮೊತ್ತದ ಮೇಲೆ ಶೇ. 1ರಿಂದ 5ರವರೆಗಿನ ಶುಲ್ಕವನ್ನು ಕಂಪನಿಗಳು ಕಲ್ಯಾಣ ನಿಧಿಗೆ ಕಟ್ಟಬೇಕು.

ದುಡ್ಡಿಲ್ಲದೆ ಮಾಡಬಹುದಾದ ಉಪಕಾರವೂ ಇದೆ. ಹೊಸ ಲೇಔಟುಗಳಲ್ಲಿ ಸೈಟ್ ನಂಬರ್ ಇದ್ದರೂ ಬೋರ್ಡ್ ಇರುವುದಿಲ್ಲ, ಮ್ಯಾಪು ಎಷ್ಟೋ ಸಲ ಹಿಂದಿನ ಹೊಲದಲ್ಲೇ ನಿಲ್ಲಿಸುತ್ತದೆ. "ಸರ್, ಲೊಕೇಶನ್ ಇಲ್ಲಿಗೇ ಮುಗೀತು, ಮನೆ ಕಾಣ್ತಿಲ್ಲ" ಎಂಬ ಫೋನ್ ಬರುವುದು ಆಗಲೇ. ಪಿನ್ ಸರಿಪಡಿಸಿ, "ಅರಳೀಕಟ್ಟೆ ದಾಟಿ ಎಡಕ್ಕೆ, ನೀಲಿ ಗೇಟು" ಎಂದು ಬರೆದಿಡಿ, ಗೇಟಿನ ದೀಪ ಹಾಕಿ. ದೇವನಹಳ್ಳಿಯ ವಿಲ್ಲಾಗಳಲ್ಲಿ ಬೈಕನ್ನು ಹೊರಗೇ ತಡೆಯುವ ಪದ್ಧತಿ ಇದ್ದರೆ ಸೆಕ್ಯುರಿಟಿಗೆ ಮೊದಲೇ ಹೇಳಿಡಿ, ಇಲ್ಲವೇ ಗೇಟಿನವರೆಗೆ ನೀವೇ ನಡೆದು ಬನ್ನಿ.

ಚಟ್ನಿ ಮರೆತದ್ದಕ್ಕೆ, ದೋಸೆ ಮೆತ್ತಗಾದದ್ದಕ್ಕೆ ಟಿಪ್ಸ್ ಕಡಿತ ಮಾಡಬೇಡಿ, ಸ್ಟಾರ್ ಇಳಿಸಬೇಡಿ. ಪೊಟ್ಟಣ ಕಟ್ಟಿದ್ದು ಹೋಟೆಲಿನವರು. ಆ ದೂರನ್ನು ಆ್ಯಪ್‌ನ ಹೆಲ್ಪ್‌ನಲ್ಲಿ ಫೋಟೊ ಸಮೇತ ಹಾಕಿ.